ಮಂಗ ಸತ್ತ ಜಾಗದಲ್ಲಿ ಏನಾಗುತ್ತದೆ? ಕ್ಯಾಸನೂರು ಕಾಡಿನ ಪ್ರಕರಣ

1957ರ ಬೇಸಿಗೆಯ ಶುರು. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸಾಯುತ್ತಿವೆ, ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದಾರೆ ಎಂಬ ಸುದ್ದಿ ಪುಣೆ ತಲುಪಿತು. ಇವತ್ತು ನಾವು ಮಂಗನ ಕಾಯಿಲೆ, ಅಥವಾ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಅನ್ನುವುದು ಇದನ್ನೇ. ಜ್ವರ ನೋಡಿದವರು ಮೊದಲು ಟೈಫಾಯ್ಡ್ ಇರಬೇಕು ಅಂದುಕೊಂಡಿದ್ದರು. ಸರಿ, ಆದರೆ ಟೈಫಾಯ್ಡಿಗೂ ಮಂಗ ಸಾಯುವುದಕ್ಕೂ ಏನು ಸಂಬಂಧ?

ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಇತ್ತು. 1952ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಕಟ್ಟಿದ್ದು, ಇವತ್ತು ನಾವು ಎನ್‌ಐವಿ ಅನ್ನುತ್ತೇವಲ್ಲ, ಆ ರಾಷ್ಟ್ರೀಯ ವೈರಾಣು ಸಂಸ್ಥೆ, ಅದೇ. ಅಲ್ಲಿದ್ದವರಿಗೆ ಮಂಗದ ಸಾವು ಮತ್ತು ಮನುಷ್ಯರ ಜ್ವರ ಎರಡೂ ಒಟ್ಟಿಗೆ ಕಿವಿಗೆ ಬಿದ್ದಾಗ ಹೊಳೆದಿದ್ದು ಒಂದೇ ಹೆಸರು: ಹಳದಿ ಜ್ವರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಈ ಕಾಯಿಲೆ ಏಷ್ಯಾದಲ್ಲಿ ನೆಲೆಯೂರಿದ್ದೇ ಇಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ, ಲಸಿಕೆ ಹಾಕಿಸಿಕೊಂಡ ಜನ ಇಲ್ಲ. ಒಂದು ಸಲ ಬಂದುಬಿಟ್ಟರೆ ಏನಾಗಬಹುದು ಅಂತ ಲೆಕ್ಕ ಹಾಕಿದರೆ ನಿದ್ದೆ ಹಾರಿಹೋಗುವಂಥ ಪರಿಸ್ಥಿತಿ. ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಜೊತೆಯ ಭಾರತೀಯ ವೈದ್ಯರು, ಕೀಟತಜ್ಞರು ಸೊರಬದ ಕಡೆ ಹೊರಟರು.

ಸತ್ತ ಮುಸುವದಿಂದ ವೈರಸ್ ಸಿಕ್ಕಿತು. ಜ್ವರ ಬಂದವರ ರಕ್ತದಲ್ಲೂ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಯಾವ ಗುಂಪಿಗೆ ಸೇರಿದ್ದು ಎಂದು ಹೋಲಿಸಿ ನೋಡಿದರೆ ಇನ್ನೂ ವಿಚಿತ್ರ. ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್ಸುಗಳ ಮನೆತನ ಅದು. ಆ ಮನೆತನದವು ಹರಡುವುದು ಉಣುಗಿನಿಂದ. ಅಂದರೆ ಮಲೆನಾಡಿನವರು ದನದ ಮೈಯಿಂದ ದಿನಾ ಕಿತ್ತು ಬಿಸಾಡುವ ಆ ಉಣುಗಿನ ಜಾತಿಯದ್ದೇ ಯಾವುದೋ ಒಂದು ಈ ಕೆಲಸ ಮಾಡುತ್ತಿರಬೇಕು. ಮೇಲೆ ಸೊಳ್ಳೆ ಹುಡುಕಲು ಬಂದವರು ಕೆಳಗೆ ತರಗೆಲೆ ಕೆದಕಬೇಕಾಯಿತು.

ಸೈಬೀರಿಯಾದ ಬಂಧು ಸೊರಬಕ್ಕೆ ಹೇಗೆ ಬಂದ? ಮೊದಲು ಕಣ್ಣು ಹೋಗಿದ್ದು ವಲಸೆ ಹಕ್ಕಿಗಳ ಮೇಲೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿ ಮೈಮೇಲೆ ಉಣುಗು ಹೊತ್ತು ತಂದಿರಬಹುದಲ್ವಾ ಎಂಬ ತರ್ಕ. ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಶುರು ಮಾಡಿತು, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಸಿಗಲು ಒಂದು ಕಾರಣ ಈ ಕ್ಯಾಸನೂರಿನ ಪ್ರಶ್ನೆಯೇ. ಹಕ್ಕಿಗಳ ಬಗ್ಗೆ ಬೆಟ್ಟದಷ್ಟು ಮಾಹಿತಿ ಬಂತು. ಹಕ್ಕಿಯೇ ವೈರಸ್ ತಂದಿತು ಅನ್ನಲು ಬೇಕಾದ ಪುರಾವೆ ಬರಲಿಲ್ಲ. 1970ರ ದಶಕದಲ್ಲಿ ವಿದೇಶಿ ಹಣದ ಸಂಶೋಧನೆಗಳ ಮೇಲೆ ಸಂಸತ್ತಿನ ಸಮಿತಿಗೆ ಅನುಮಾನ ಬಂದಾಗ ಪಾಪ, ಈ ಹಕ್ಕಿ ಅಧ್ಯಯನವೂ ಅದರಲ್ಲಿ ಸಿಕ್ಕಿಬಿತ್ತು. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಈ ಮಧ್ಯೆ ಇನ್ನೊಂದು ಸಂಗತಿ ಹೊರಬಿತ್ತು. ದೂರದ ಕಛ್ ಮತ್ತು ಸೌರಾಷ್ಟ್ರದ ಜನರ ರಕ್ತ ಪರೀಕ್ಷಿಸಿದಾಗ ಈ ವೈರಸ್ಸಿಗೆ ಅಥವಾ ಇದರ ಹತ್ತಿರದ ನೆಂಟನಿಗೆ ಪ್ರತಿಕಾಯಗಳು, ಅಂದರೆ ಹಿಂದೆ ಸೋಂಕು ತಗುಲಿದ್ದರ ಗುರುತು, ಕಂಡವು. ಅಲ್ಲಿ ಮಂಗಗಳೂ ಸಾಯುತ್ತಿರಲಿಲ್ಲ, ಇಂಥ ಜ್ವರದ ಸುದ್ದಿಯೂ ಇರಲಿಲ್ಲ. ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು, ಅದು ಕ್ಯಾಸನೂರಿನದ್ದಕ್ಕೆ ತೀರಾ ಹತ್ತಿರದ್ದು. ಹಾಗಾಗಿ 1957ರಲ್ಲಿ ಎಲ್ಲಿಂದಲೋ ಬಂದಿಳಿಯಿತು ಅನ್ನುವುದಕ್ಕಿಂತ, ಬಹಳ ಹಿಂದಿನಿಂದ ಕಾಡಿನಲ್ಲಿ ಸದ್ದಿಲ್ಲದೆ ಇದ್ದದ್ದು ಆಗ ಎದ್ದಿತು ಅನ್ನುವುದೇ ಹೆಚ್ಚು ನಂಬುವಂಥ ಮಾತು. ಹಾಗಿದ್ದರೆ ಅದನ್ನು ಎಬ್ಬಿಸಿದ್ದು ಏನು? ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರ ಸಿಕ್ಕಿದ್ದು ಲ್ಯಾಬಿನ ಒಳಗಲ್ಲ.

ನೆಲದ ಮೇಲಿನ ಕೆಲಸ

ಸಾಗರದಲ್ಲಿ ಪುಣೆ ಕೇಂದ್ರದ ಒಂದು ಕ್ಷೇತ್ರ ಠಾಣೆ ಬಂತು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಪಿ.ಕೆ. ರಾಜಗೋಪಾಲನ್ ಒಬ್ಬರು. ಆಗ ಎಳೆಯ ಕೀಟತಜ್ಞ, ಮುಂದೆ ಪುದುಚೇರಿಯ ಕೀಟವಾಹಕ ಸಂಶೋಧನಾ ಕೇಂದ್ರದ ಮುಖ್ಯಸ್ಥರಾದರು. ಇವರೆಲ್ಲ ಮಾಡುತ್ತಿದ್ದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಒಂದು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ, ತರಗೆಲೆ ಮೇಲೆ, ಮೊಣಕಾಲೆತ್ತರದ ಪೊದೆಗಳ ಮೇಲೆ ಎಳೆಯುತ್ತಾ ಹೋಗುವುದು. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿಕೊಂಡು ಯಾವುದಾದರೂ ಪ್ರಾಣಿ ಹಾದುಹೋಗಲಿ ಅಂತ ಕಾಯುವ ಉಣುಗು, ಬಟ್ಟೆ ತಾಗಿದ ಕೂಡಲೇ ಅದನ್ನೇ ಪ್ರಾಣಿ ಎಂದುಕೊಂಡು ಹತ್ತುತ್ತದೆ. ಒಂದಿಷ್ಟು ದೂರ ಎಳೆದ ಮೇಲೆ ಬಟ್ಟೆ ಮಗುಚಿ, ಬಿಳಿಯ ಮೇಲೆ ಹರಿದಾಡುವ ಕಂದು ಚುಕ್ಕೆಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ ಸೀಸೆಗೆ ಹಾಕಬೇಕು. ಎಣಿಸಬೇಕು. ಜಾತಿ ಗುರುತಿಸಬೇಕು. ಆಮೇಲೆ ಅರೆದು ವೈರಸ್ ಇದೆಯಾ ನೋಡಬೇಕು. ಇದನ್ನೇ ತಿಂಗಳು ತಿಂಗಳು, ಮಳೆ ಬಿಸಿಲು ಎನ್ನದೆ.

ಸುಮ್ನೆ ಕೂತು ಮಾಡುವ ಕೆಲಸ ಅಲ್ಲ ಇದು. ಹುಡುಕುತ್ತಿರುವ ವೈರಸ್ಸೇ ಹುಡುಕುವವರನ್ನು ಹಿಡಿಯುತ್ತಿತ್ತು. ಕ್ಷೇತ್ರದಲ್ಲೂ ಲ್ಯಾಬಿನಲ್ಲೂ ಸಿಬ್ಬಂದಿಗೆ ಸೋಂಕು ತಗುಲಿದ ಪ್ರಕರಣಗಳು ದಾಖಲೆಯಲ್ಲಿವೆ.

ಬಟ್ಟೆಗೆ ಹತ್ತಿದ ಉಣುಗುಗಳಲ್ಲಿ ಹೆಚ್ಚಿನವು ಹೀಮಾಫೈಸಾಲಿಸ್ ಎಂಬ ಕುಲದವು. ಕೆಲವಕ್ಕೆ ಹೆಸರೇ ಇರಲಿಲ್ಲ. ಕೈರೋದಲ್ಲಿದ್ದ ಜಗತ್ಪ್ರಸಿದ್ಧ ಉಣುಗು ತಜ್ಞ ಹ್ಯಾರಿ ಹೂಗ್‌ಸ್ಟ್ರಾಲ್, ಟ್ರಾಪಿಡೊ ಮತ್ತು ರಾಜಗೋಪಾಲನ್ ಮೂವರೂ ಸೇರಿ 1964ರಲ್ಲಿ ಒಂದು ಹೊಸ ಜಾತಿಗೆ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದೇ ಹೆಸರಿಟ್ಟರು. ಹತ್ತಕ್ಕೂ ಹೆಚ್ಚು ಜಾತಿಗಳಲ್ಲಿ ವೈರಸ್ ಸಿಕ್ಕಿದರೂ ಮನುಷ್ಯರಿಗೆ ಅಂಟಿಸುವ ಮುಖ್ಯ ಆಸಾಮಿ ಬೇರೆ: ಹೀಮಾಫೈಸಾಲಿಸ್ ಸ್ಪಿನಿಜೆರಾ. ಕಾಯಿಲೆಯ ಋತು, ಜಾಗ, ಯಾರಿಗೆ ಬರುತ್ತದೆ ಎಂಬುದೆಲ್ಲ ಇದರ ಬದುಕಿನ ಲೆಕ್ಕಾಚಾರದಲ್ಲೇ ಇದೆ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಈ ಉಣುಗು ಹುಟ್ಟಿನಿಂದ ಸಾವಿನ ತನಕ ಮೂರೇ ಸಲ ಊಟ ಮಾಡುತ್ತದೆ, ಮೂರೂ ಸಲ ಬೇರೆ ಬೇರೆ ಪ್ರಾಣಿಯ ಮೇಲೆ. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳ ರಕ್ತ ಹೀರಿ, ನೆಲಕ್ಕೆ ಬಿದ್ದು, ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಮರಿಗಳು ಹೊರಬಂದು ಇಲಿ, ಸುಂಡಿಲಿ, ಅಳಿಲು, ಕಾಡುಕೋಳಿ, ಮಂಗ, ಹೀಗೆ ಸಿಕ್ಕಿದ್ದರ ಮೈ ಹತ್ತುತ್ತವೆ. ಒಮ್ಮೆ ಉಂಡು ಕೆಳಗೆ ಬಿದ್ದು ಪೊರೆ ಬಿಟ್ಟು ಎರಡನೇ ಹಂತಕ್ಕೆ ಬರುತ್ತವೆ. ಇದನ್ನು ನಿಂಫ್ ಅನ್ನುತ್ತಾರೆ, ಎಳ್ಳುಕಾಳಿಗಿಂತ ಚಿಕ್ಕದು. ಮನುಷ್ಯರಿಗೆ ಕಚ್ಚುವುದು ಬಹುಪಾಲು ಈ ನಿಂಫ್. ಮರಿಯಾಗಿದ್ದಾಗ ವೈರಸ್ ಇರುವ ಪ್ರಾಣಿಯ ರಕ್ತ ಕುಡಿದಿದ್ದರೆ ನಿಂಫ್ ಆದಾಗಲೂ ಆ ವೈರಸ್ ಅದರೊಳಗೇ ಇರುತ್ತದೆ. ನಿಂಫ್‌ಗಳ ಕಾಲ ನವೆಂಬರ್‌ನಿಂದ ಮೇ ತನಕ, ಜನವರಿಯಿಂದ ಮಾರ್ಚ್‌ವರೆಗೆ ವಿಪರೀತ.

ಈಗ ಮಲೆನಾಡಿನ ಪಂಚಾಂಗವನ್ನು ಇದರ ಪಕ್ಕ ಇಟ್ಟು ನೋಡಿ. ನವೆಂಬರ್‌ನಿಂದ ಮೇ ಅಂದರೆ ಕಾಡಿಗೆ ಹೋಗುವ ಕಾಲವೇ. ಅಡಿಕೆ ಕೊಯ್ಲು ಬರುತ್ತದೆ. ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಗುಡಿಸಿ ಕೊಟ್ಟಿಗೆಗೆ ತುಂಬಬೇಕು. ಮಳೆಗಾಲಕ್ಕೆ ಸೌದೆ ಕೂಡಿಡಬೇಕು. ಗೇರುಬೀಜ, ಜೇನು ಅಂತ ಒಂದಿಲ್ಲೊಂದು ನೆಪ. ತರಗೆಲೆ ತರುವ ಹೆಂಗಸರು ಬಗ್ಗಿ ಗುಡಿಸಿ, ಕುಕ್ಕೆಗೆ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ಬರುತ್ತಾರೆ, ಆ ಎಲೆಯ ಜೊತೆ ನಿಂಫ್‌ಗಳೂ ಕೊಟ್ಟಿಗೆ ತನಕ ಬರುತ್ತವೆ. ಕಾಡಿಗೆ ಕಾಲೇ ಇಡದ ಮನೆಯ ಮುದುಕರಿಗೆ ಕಾಯಿಲೆ ಬಂದಾಗ ಜನ ಕಕ್ಕಾಬಿಕ್ಕಿಯಾಗುತ್ತಾರೆ. ಕಾಡೇ ಮನೆಗೆ ಬಂದಿರುತ್ತದೆ ಅಷ್ಟೇ.

ಮಂಗದ ಪಾತ್ರ

ಹಾಗಾದರೆ ಮಂಗ ಯಾಕೆ ಸಾಯುತ್ತದೆ, ಅದು ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಮಂಗ ಈ ವೈರಸ್ಸಿಗೆ ಬಲಿಪಶು, ನಮ್ಮ ಹಾಗೇ. ವ್ಯತ್ಯಾಸ ಒಂದಿದೆ. ಮನುಷ್ಯನಿಂದ ಉಣುಗಿಗೆ, ಅಲ್ಲಿಂದ ಇನ್ನೊಬ್ಬರಿಗೆ ಕಾಯಿಲೆ ಹೋಗುವುದು ಲೆಕ್ಕಕ್ಕೇ ಇಲ್ಲ, ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ. ಮಂಗನ ಕಥೆ ಹಾಗಲ್ಲ. ಸೋಂಕು ತಗುಲಿದ ಮಂಗನ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿ ತುಳುಕುತ್ತದೆ. ಆ ದಿನಗಳಲ್ಲಿ ಅದರ ಮೈ ಹತ್ತಿ ಊಟ ಮಾಡಿದ ಮರಿ ಉಣುಗುಗಳಿಗೆಲ್ಲ ವೈರಸ್ ಸಿಗುತ್ತದೆ. ಕಾಯಿಲೆ ಬಿದ್ದ ಮಂಗ ಮರ ಬಿಟ್ಟು ಕೆಳಗಿಳಿದು ಒಂದೆಡೆ ಮುದುಡಿ ಕೂರುತ್ತದೆ, ಅಲ್ಲೇ ಸಾಯುತ್ತದೆ. ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಸೇರಿಕೊಳ್ಳುತ್ತವೆ, ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬಂದು ಮುಂದಿನ ಊಟಕ್ಕೆ ಕಾಯುತ್ತವೆ. ಹಾಗಾಗಿ ಒಂದು ಮಂಗ ಸತ್ತ ಜಾಗವೆಂದರೆ ಸೋಂಕಿರುವ ಉಣುಗು ಗುಂಪಾಗಿ ಕಾದು ಕೂತಿರುವ ಜಾಗ. ಹೆಣ ಕೊಳೆತು ಎಲುಬಾದರೂ ಆ ಜಾಗದ ಅಪಾಯ ಹೋಗಿರುವುದಿಲ್ಲ. ಊರಿನವರು ಸತ್ತ ಮಂಗನ ಸುದ್ದಿ ಕೊಡಬೇಕು ಎಂದು ಆರೋಗ್ಯ ಇಲಾಖೆ ಗೋಗರೆಯುವುದು ಇದಕ್ಕೇ.

1964ರಿಂದ 1973ರವರೆಗೆ ಈ ಪ್ರದೇಶದಲ್ಲಿ ದಾಖಲಾದ ಮಂಗಗಳ ಸಾವು 1,046. ಅದರಲ್ಲಿ 860 ಮುಸುವ, ಉಳಿದ 186 ನಮ್ಮ ಸಾಮಾನ್ಯ ಕೋತಿ. ಸತ್ತು ಯಾರ ಕಣ್ಣಿಗೂ ಬೀಳದವು ಈ ಲೆಕ್ಕದಲ್ಲಿ ಬರುವುದಿಲ್ಲ. ಕಾಡಿನಲ್ಲಿ ಹೆಣ ಬಹಳ ಹೊತ್ತು ಉಳಿಯುವುದಿಲ್ಲ ಎಂದು ಗೊತ್ತಿದ್ದವರಿಗೆ ನಿಜವಾದ ಸಂಖ್ಯೆ ಎಷ್ಟಿರಬಹುದು ಎಂಬ ಅಂದಾಜು ತಾನಾಗಿ ಬರುತ್ತದೆ.

ಮಂಗಗಳನ್ನು ಓಡಿಸಿದರೆ, ಹಿಡಿದು ಬೇರೆ ಕಡೆ ಬಿಟ್ಟರೆ ಕಾಯಿಲೆ ಹೋಗುತ್ತದೆ ಎಂಬ ಮಾತು ಈಗಲೂ ಕೇಳಿಬರುತ್ತದೆ. ನನಗಂತೂ ಇದು ಅಪಾಯದ ಮಾತು ಅನ್ನಿಸುತ್ತದೆ. ಒಂದು ಕಡೆಯ ಸೋಂಕನ್ನು ಲಾರಿಯಲ್ಲಿ ಹಾಕಿ ಇನ್ನೊಂದು ತಾಲ್ಲೂಕಿಗೆ ಕಳಿಸಿದ ಹಾಗೆ ಆಗಬಹುದು.

ಬೊಶೆಲ್ ನೋಡಿದ್ದು

ಇಲ್ಲಿ ಬರುತ್ತಾರೆ ಹೋರ್ಹೆ ಬೊಶೆಲ್. ಕೊಲಂಬಿಯಾದವರು. ಇವರ ಹಿನ್ನೆಲೆ ತಿಳಿದರೆ ಇವರು ಸೊರಬದಲ್ಲಿ ಏನನ್ನು ನೋಡಿದರು, ಬೇರೆಯವರು ಯಾಕೆ ಅಷ್ಟಾಗಿ ನೋಡಲಿಲ್ಲ ಎಂಬುದು ಅರ್ಥವಾಗುತ್ತದೆ. ಕೊಲಂಬಿಯಾದಲ್ಲಿ ಪಟ್ಟಣದ ಸೊಳ್ಳೆಯೇ ಇಲ್ಲದ ಕಾಡು ಸೀಮೆಯಲ್ಲಿ ಹಳದಿ ಜ್ವರ ಹೇಗೆ ಬರುತ್ತಿದೆ ಎಂದು ತಲೆ ಕೆಡಿಸಿಕೊಂಡವರಲ್ಲಿ ಇವರೂ ಒಬ್ಬರು. ಮರ ಕಡಿಯುವವರ ಜೊತೆ ಕಾಡಿಗೆ ಹೋಗಿದ್ದಾಗ ದೊಡ್ಡ ಮರವೊಂದು ಉರುಳಿ ಬಿದ್ದ ಕೂಡಲೇ ನೀಲಿ ಸೊಳ್ಳೆಗಳ ಹಿಂಡು ಎದ್ದು ಜನರನ್ನು ಮುತ್ತಿತು. ಮರದ ನೆತ್ತಿಯಲ್ಲಿ ಮಂಗಗಳ ಜೊತೆ ಇರುವ ಸೊಳ್ಳೆ ಅದು. ಮರ ಕಡಿದಾಗ ಮೇಲಿನ ಲೋಕ ಕೆಳಗೆ ಬಂತು, ಜೊತೆಗೆ ಕಾಯಿಲೆಯೂ. ಇಂಥದ್ದನ್ನು ಕಣ್ಣಾರೆ ಕಂಡ ಮನುಷ್ಯ 1960ರ ದಶಕದಲ್ಲಿ ಮಲೆನಾಡಿಗೆ ಬಂದಾಗ ಕೇಳಿದ ಪ್ರಶ್ನೆ: ಇಲ್ಲಿ ಕಾಡಿಗೆ ಏನಾಗಿದೆ?

ಏನಾಗಿತ್ತು? ಜನ ಹೆಚ್ಚಾಗಿದ್ದರು. ಕಾಡಿನ ನಡುವೆ ಗದ್ದೆ, ತೋಟ ಎದ್ದಿದ್ದವು. ಸೌದೆಗೆ, ಸೊಪ್ಪಿಗೆ, ಮೇವಿಗೆ ಕಾಡಿನ ಅಂಚು ದಿನಾ ಬಳಕೆಯಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ದನ ಹೆಚ್ಚಿದ್ದವು, ಅವು ಕಾಡಿನೊಳಗೇ ಮೇಯುತ್ತಿದ್ದವು. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಅದರ ರಕ್ತದಲ್ಲಿ ವೈರಸ್ ಉಣುಗಿಗೆ ಅಂಟುವಷ್ಟು ಬೆಳೆಯುವುದೂ ಇಲ್ಲ. ಆದರೆ ಸ್ಪಿನಿಜೆರಾದ ದೊಡ್ಡ ಉಣುಗಿಗೆ ಹೊಟ್ಟೆ ತುಂಬ ಊಟ ಸಿಗುವುದು ದನದ ಮೇಲೆ. ಹಿಂದೆ ಈ ಉಣುಗು ಅಲ್ಲೊಂದು ಇಲ್ಲೊಂದು ಸಿಗುವ ಕಾಡು ಪ್ರಾಣಿಯನ್ನು ನಂಬಿಕೊಂಡಿರಬೇಕಿತ್ತು. ಈಗ ಊಟ ತಾನಾಗಿ ಬೆಳಿಗ್ಗೆ ಕಾಡಿಗೆ ಬಂದು ಸಂಜೆ ಕೊಟ್ಟಿಗೆಗೆ ಹೋಗುತ್ತಿತ್ತು. ಉಣುಗಿನ ಸಂಖ್ಯೆ ಏರಿತು. ದಟ್ಟ ಕಾಡಿನ ಒಳಗೆ ಇಲಿ, ಸುಂಡಿಲಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ಸಿಗೆ ಹೊರಗೆ ಬರುವ ದಾರಿ ಸಿಕ್ಕಿತು, ಪೊದೆ ಬೆಳೆದ ಕಾಡಂಚಿನಲ್ಲಿ ಮಂಗ, ದನ, ಮನುಷ್ಯ ಮೂವರೂ ಒಂದೇ ಕಡೆ ಸೇರುವಲ್ಲಿ. 1969ರಲ್ಲಿ ಪ್ರಕಟವಾದ ಬೊಶೆಲ್ ಬರಹದ ತಿರುಳು ಇದು.

ಕಾಡಿನ ಕಾಯಿಲೆ ಎಂದು ಕೇಳಿ ಎಲ್ಲರೂ ಕಾಡಿನ ನಡುಮಧ್ಯಕ್ಕೆ ನೋಡುತ್ತಿದ್ದಾಗ ಈತ ಅಂಚನ್ನು ನೋಡಿದರು. ದನಗಾಹಿಗೆ ದೋಷ ಹೊರಿಸಿದ್ದಾರೆ ಅಂತ ಇದನ್ನು ಓದಬಾರದು. ಕೂಳಿಗೆ ಕಾಡನ್ನು ನಂಬಿದವರು ಏನು ಮಾಡಿಯಾರು?

ಬೊಶೆಲ್ ಮಾತಿಗೆ ಪರೀಕ್ಷೆ ಕಾಲವೇ ಒಡ್ಡಿತು. 1982ರ ಕೊನೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ನಿಡ್ಲೆ ಸುತ್ತಮುತ್ತ, ಗೇರು ತೋಟ ಎಬ್ಬಿಸಲು ದೊಡ್ಡ ಮಟ್ಟದಲ್ಲಿ ಕಾಡು ಕಡಿದರು. ಆ ಸೀಮೆಯಲ್ಲಿ ಅದಕ್ಕೂ ಮುಂಚೆ ಈ ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ. ಮೊದಲು ಮಂಗಗಳು ಸತ್ತವು, ಆಮೇಲೆ ಕಡಿಯಲು ಬಂದ ಕೂಲಿಗಳು ಮಲಗಿದರು, ಆಮೇಲೆ ಊರುಗಳು. ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು. ಅಲ್ಲಿಯತನಕ ಕಂಡ ಅತಿ ದೊಡ್ಡ ಹಾವಳಿ. ಇದೇ ವೈರಸ್ ಕುಟುಂಬದ ಓಮ್‌ಸ್ಕ್ ಜ್ವರ 1940ರ ದಶಕದಲ್ಲಿ ಸೈಬೀರಿಯಾದಲ್ಲಿ ಎದ್ದದ್ದೂ ಮನುಷ್ಯರ ಒಂದು ಕೆಲಸದ ಹಿಂದೆಯೇ: ತುಪ್ಪಳಕ್ಕೆಂದು ಉತ್ತರ ಅಮೆರಿಕದಿಂದ ಮಸ್ಕ್‌ರ್ಯಾಟ್ ಎಂಬ ನೀರಿಲಿಯನ್ನು ತಂದು ಬಿಟ್ಟಿದ್ದರು.

ಕಾಯಿಲೆ ಮತ್ತು ಸೂಜಿ

ಕಾಯಿಲೆಯ ಲಕ್ಷಣ ಚುಟುಕಾಗಿ ಹೇಳಿಬಿಡುತ್ತೇನೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಏಕಾಏಕಿ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡುವಂಥ ನೋವು, ಕಣ್ಣು ಕೆಂಪು, ವಾಂತಿ. ಪ್ಲೇಟ್ಲೆಟ್ ಇಳಿಯುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಹೆಚ್ಚಿನವರು ಎರಡು ವಾರದಲ್ಲಿ ಏಳುತ್ತಾರೆ, ಸುಸ್ತು ತಿಂಗಳುಗಟ್ಟಲೆ ಬಿಡುವುದಿಲ್ಲ. ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಜ್ವರ ಬಿಟ್ಟು ವಾರ ಕಳೆದ ಮೇಲೆ ಮತ್ತೆ ಬರುತ್ತದೆ, ಆಗ ಮೆದುಳಿಗೂ ತೊಂದರೆ. ಸಾವಿನ ಪ್ರಮಾಣ ನೂರಕ್ಕೆ ಮೂರರಿಂದ ಐದು ಎನ್ನುತ್ತಾರೆ. ಈ ವೈರಸ್ಸಿಗೇ ಅಂತ ಮದ್ದಿಲ್ಲ. ಬೇಗ ಗುರುತಿಸಿ, ನೀರು ಮತ್ತು ರಕ್ತದ ಅಂಶ ನೋಡಿಕೊಂಡು, ಆಸ್ಪಿರಿನ್ ಥರದ ನೋವಿನ ಮಾತ್ರೆ ಕೊಡದೆ ಕಾಪಾಡಬೇಕು.

ಲಸಿಕೆ ಇತ್ತು. ಮೊದಲು ರಷ್ಯಾದ ನೆಂಟ ವೈರಸ್ಸಿನ ಲಸಿಕೆಯನ್ನೇ ಹಾಕಿ ನೋಡಿದರು, ಕೆಲಸಕ್ಕೆ ಬರಲಿಲ್ಲ. ಆಮೇಲೆ 1957ರಲ್ಲೇ ಸಿಕ್ಕ ವೈರಸ್ ತಳಿಯನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ನಮ್ಮದೇ ಲಸಿಕೆ ಮಾಡಿದರು. ಮುಂದೆ ಇದು ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. 1990ರಿಂದ 1992ರ ನಡುವಿನ ಅಧ್ಯಯನದಲ್ಲಿ ಎರಡು ಡೋಸಿಗೆ 93.5 ಶೇಕಡಾ ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಅದೇ ಎರಡು ಡೋಸಿಗೆ 62.4 ಶೇಕಡಾ, ಬೂಸ್ಟರ್ ಸೇರಿದರೆ 82.9. ಬೂಸ್ಟರ್ ಅಂದರೆ ಒಂದಲ್ಲ. ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ವಿಪರೀತ ನೋಯುತ್ತದೆ. ಕೂಲಿ ಬಿಟ್ಟು ಇಷ್ಟು ಸಲ ಬಂದು ಚುಚ್ಚಿಸಿಕೊಳ್ಳಿ ಅಂದರೆ ಯಾರು ಬರುತ್ತಾರೆ? ಜನರಿಗೆ ಅರಿವಿಲ್ಲ ಅಂತ ಬೈಯುವುದು ಸುಲಭ. 2022ರ ಹೊತ್ತಿಗೆ ಈ ಲಸಿಕೆ ಕೊಡುವುದೇ ನಿಂತಿತು. ಈಗ ಐಸಿಎಂಆರ್ ಮತ್ತು ಲಸಿಕೆ ತಯಾರಿಸುವ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಹೊಸದರ ಕೆಲಸ ನಡೆಸಿವೆ.

ಲಸಿಕೆ ಬಂದ ಮೇಲೆ ಇನ್ನೊಂದು ನಡೆಯಿತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬಟ್ಟೆ ಎಳೆದು ಉಣುಗು ಎಣಿಸುವ, ಇಲಿ ಹಿಡಿದು ರಕ್ತ ನೋಡುವ ಕೆಲಸ ಮೆಲ್ಲಗೆ ಕಡಿಮೆಯಾಯಿತು. ಇವತ್ತು ನಾವು ಈ ಕಾಯಿಲೆಯ ಪರಿಸರದ ಬಗ್ಗೆ ಹೇಳುವ ಮಾತುಗಳಲ್ಲಿ ಬಹುಪಾಲು 1957ರಿಂದ 1970ರ ದಶಕದ ತನಕ ನಡೆದ ಕೆಲಸದ ಮೇಲೇ ನಿಂತಿವೆ. ಆಗಿನ ಕಾಡು ಈಗ ಎಲ್ಲಿದೆ? ಅಕೇಶಿಯಾ ನೆಡುತೋಪು ಬಂದಿದೆ, ಅಡಿಕೆ ತೋಟ ಗುಡ್ಡ ಹತ್ತಿದೆ, ಮನೆಗಳಲ್ಲಿ ದನ ಕಡಿಮೆಯಾಗಿದೆ.

ಕ್ಯಾಸನೂರು ದಾಟಿ

ಬಹಳ ವರ್ಷ ಇದು ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನ ಕಾಯಿಲೆ ಅಂತಲೇ ಇತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು. ಆ ಹೆಣಗಳನ್ನು ಮುಟ್ಟಿ, ಸುಡುವ ಕೆಲಸ ಮಾಡಿದ ಆರು ಜನರಿಗೆ ಕಾಯಿಲೆ ಬಂತು. ಒಳ್ಳೆಯ ಕೆಲಸ ಮಾಡಲು ಹೋದವರು, ಕೈಗವಸು, ಬೂಟು ಇಲ್ಲದೆ, ಮಂಗ ಸತ್ತ ಜಾಗದಲ್ಲಿ ನಿಂತಿದ್ದರು. ಆಮೇಲೆ ವಯನಾಡು, ನೀಲಗಿರಿ, ಮಲಪ್ಪುರಂ. 2015ರಲ್ಲಿ ಗೋವಾದ ಸತ್ತರಿ. 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ವೈರಸ್ ಹೊಸದಾಗಿ ಅಲ್ಲಿಗೆ ಹೋಯಿತೋ, ಇದ್ದದ್ದನ್ನು ಈಗ ಹುಡುಕಿ ಕಂಡರೋ, ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು.

2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು. ಜೋಗದ ಹತ್ತಿರ, ಶರಾವತಿ ಕಣಿವೆಯ ಕಾಡಿನ ಮಗ್ಗುಲು. ಕಾಯಿಲೆ ಗುರುತಿಸಿ ಅರವತ್ತು ವರ್ಷ ದಾಟಿದ ಮೇಲೂ, ಹಿಂದೆ ಕ್ಷೇತ್ರ ಠಾಣೆ ಇದ್ದ ಅದೇ ತಾಲ್ಲೂಕಿನಲ್ಲಿ, ಕೆಲವೇ ತಿಂಗಳಲ್ಲಿ ನೂರಾರು ಜನ ಮಲಗಿದರು, ಹಲವರು ತೀರಿಕೊಂಡರು. ಮನೆ ಬಿಟ್ಟು ನೆಂಟರ ಊರಿಗೆ ಹೋದವರಿದ್ದಾರೆ. ಅಡಿಕೆ ಕೊಯ್ಯಲು ಆಳು ಸಿಗಲಿಲ್ಲ.

ಇದೇ ಹೊತ್ತಿಗೆ ಪರಿಸರದ ಕಡೆಯಿಂದ ಮತ್ತೆ ಕೆಲಸ ಶುರುವಾಗಿತ್ತು. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಅವರ ತಂಡ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ಐಸಿಎಂಆರ್, ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯ ಎಲ್ಲ ಸೇರಿ, ಮನುಷ್ಯರ ಪ್ರಕರಣಗಳನ್ನು ಉಪಗ್ರಹ ನಕ್ಷೆ ಮತ್ತು ದನಗಳ ಲೆಕ್ಕದ ಜೊತೆ ಇಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಅಪಾಯ ಹೆಚ್ಚಿರುವುದು ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಒಂದರೊಳಗೊಂದು ತೇಪೆ ಹಾಕಿದ ಹಾಗೆ ಬೆರೆತಿರುವ ಕಡೆ, ಅದರಲ್ಲೂ ನಾಟಿ ದನ ಜಾಸ್ತಿ ಇರುವ ಕಡೆ. ಒಣ ಎಲೆಯುದುರುವ ಕಾಡಿನ ಸೀಮೆಯಲ್ಲಿ ಕಡಿಮೆ. ಬೊಶೆಲ್ ಕಾಲ್ನಡಿಗೆಯಲ್ಲಿ ಕಂಡದ್ದು ಅರ್ಧ ಶತಮಾನ ಕಳೆದು ಕಂಪ್ಯೂಟರಿನಲ್ಲೂ ಬಂತು ಅನ್ನಬಹುದು. ಒಂದು ಎಚ್ಚರಿಕೆ: ದನ ಇರುವಲ್ಲಿ ಕಾಯಿಲೆ ಜಾಸ್ತಿ ಎಂದ ಮಾತ್ರಕ್ಕೆ ದನ ತೆಗೆದರೆ ಕಾಯಿಲೆ ಹೋಗುತ್ತದೆ ಎಂದಾಗುವುದಿಲ್ಲ. ದನ ಇರುವ ಮನೆಯವರೇ ತರಗೆಲೆಗೆ, ಮೇವಿಗೆ ಕಾಡಿಗೆ ಹೋಗುವವರು. ಯಾವುದರಿಂದ ಯಾವುದು ಎಂದು ನಕ್ಷೆಯಿಂದ ಬಿಡಿಸುವುದು ಕಷ್ಟ.

ಸಾರಾ ಬರ್ಥ್ ಮತ್ತಿತರರು 2021ರಲ್ಲಿ ಪ್ರಕಟಿಸಿದ ಪರಿಶೀಲನೆ ಇನ್ನೂ ಖಾರವಾಗಿದೆ. ಈ ಕಾಯಿಲೆ ತಡೆಯಲು ಕೊಡುವ ಸಲಹೆಗಳನ್ನೆಲ್ಲ ಒಂದೆಡೆ ಹಾಕಿ, ಪ್ರತಿಯೊಂದರ ಹಿಂದೆ ಕ್ಷೇತ್ರದ ಪುರಾವೆ ಎಷ್ಟಿದೆ ಅಂತ ನೋಡಿದರೆ ಹಲವದರ ಬುಡ ತೆಳು. ನೀವೇ ಯೋಚಿಸಿ. ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುತ್ತಾರೆ. ಎಷ್ಟು ದೂರ ಹಾಕಿದರೆ, ಎಷ್ಟು ದಿನದೊಳಗೆ ಹಾಕಿದರೆ ಉಪಯೋಗ? ತರಗೆಲೆಯ ಅಡಿಗೆ ಅದು ಇಳಿಯುತ್ತದೆಯೇ? ಕಾಡಿಗೆ ಹೋಗಬೇಡಿ ಎನ್ನುತ್ತಾರೆ. ತೋಟ ಇರುವುದೇ ಕಾಡಿನೊಳಗೆ, ಹೋಗದೆ ಇರುವುದು ಹೇಗೆ? ದನಕ್ಕೆ ಉಣುಗಿನ ಔಷಧಿ ಹಚ್ಚಿದರೆ ಉಣುಗು ಕಡಿಮೆಯಾಗುತ್ತದಾ, ಅಥವಾ ದನ ಬಿಟ್ಟ ಉಣುಗು ಬೇರೆ ಪ್ರಾಣಿ ಹುಡುಕಿಕೊಳ್ಳುತ್ತದಾ? ಇದನ್ನು ತಿಳಿಯಲು ಒಂದೇ ದಾರಿ: ಕೆಲವು ಊರಿನ ದನಗಳಿಗೆ ಮಳೆಗಾಲದಲ್ಲೇ ಔಷಧಿ ಹಚ್ಚಿ, ಕೆಲವು ಊರು ಹಾಗೇ ಬಿಟ್ಟು, ಎರಡೂ ಕಡೆ ಚಳಿಗಾಲದಲ್ಲಿ ಬಿಳಿ ಬಟ್ಟೆ ಎಳೆದು ಎಣಿಸುವುದು. ಅದೂ ಒಂದು ವರ್ಷ ಮಾಡಿದರೆ ಸಾಲದು, ಮಳೆ ಒಂದೊಂದು ವರ್ಷ ಒಂದೊಂದು ಥರ.

ಸದ್ಯಕ್ಕೆ ಮನೆಯವರ ಕೈಯಲ್ಲಿರುವುದು ಇಷ್ಟು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಆಶಾ ಕಾರ್ಯಕರ್ತೆ ಕೊಡುವ, ಉಣುಗು ಹತ್ತದಂತೆ ತಡೆಯುವ ಎಣ್ಣೆ (ಮೊದಲು ಡಿಎಂಪಿ, ಈಗ ಡೇಪಾ) ಹಚ್ಚಿಕೊಳ್ಳುವುದು, ಉದ್ದ ತೋಳು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿನೀರಲ್ಲಿ ಸ್ನಾನ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ತಡವಿ ನೋಡುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮಣ್ಣು ಮಾಡಲು ಮುಂದಾಗದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಪಂಚಾಯ್ತಿಗೋ ಅದೇ ದಿನ ಫೋನು. ಆ ಜಾಗದ ಕಡೆ ಆ ಬೇಸಿಗೆಯಿಡೀ ದನ ಬಿಡಬಾರದು, ತರಗೆಲೆ ತರಬಾರದು. ನವೆಂಬರ್‌ನಿಂದ ಮೇ ನಡುವೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದ ವಿಷಯ ಮೊದಲೇ ಹೇಳಿಬಿಡಿ. ಪೇಟೆಯ ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆ ಮಾಡಿಸಿ ಕಳಿಸುವ ಸಾಧ್ಯತೆ ಜಾಸ್ತಿ, ಅವರಾಗಿಯೇ ಉಣುಗಿನ ಬಗ್ಗೆ ಕೇಳುವುದು ಕಡಿಮೆ.